ಮ್ಯಾಟಿನಿ ಆಟದಲ್ಲಿ ಅತ್ತ ಮಕ್ಕಳು

ಕಳೆದ ಬೇಸಗೆಯ ರಜದಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಇಲ್ಲಿ ಹೇಳಿಕೊಂಡ ಮಾತ್ರಕ್ಕೆ ಅದು ತಿದ್ದಿಹೋಗುವುದಿಲ್ಲವೆಂದು ಬಲ್ಲೆ. ಆದರೆ ಈ ಲೇಖನಕ್ಕೆ ಅದೇ ನಿಮಿತ್ತವಾದುದರಿಂದ ಅದನ್ನು ಬಿಟ್ಟು ಮುಂದಿನ ಮಾತಿಗೆ ಹೋಗುವಂತಿಲ್ಲ.

ನಮ್ಮ ಕಾಲೇಜಿನ ಚಲಚ್ಚಿತ್ರ ಸಂಘದ ಹುಡುಗರು ಭಯಾನಕ ಚಿತ್ರಗಳನ್ನು ಕುರಿತು ಒಂದು ಉಪನ್ಯಾಸ ಮಾಡಬೇಕೆಂದು ಗಂಟುಬಿದ್ದಿದ್ದರು. ಕನ್ನಡ ಮೇಷ್ಟರಿಗೂ ಇಂಗ್ಲಿಷ್ ಸಿನೆಮಾಕ್ಕೂ ಎಲ್ಲಿಯ ನಂಟು ಎಂದು ನಾನು ಹಿಂಜರಿದೆ. "ನವರಸದ ಪಾಠ ಹೇಳುವವರು ನೀವೇ ಅಲ್ಲವೆ, ಸಾರ್?" ಎಂದುಬಿಟ್ಟರು. ಮೇಷ್ಟರನ್ನು ಕಟ್ಟಿಹಾಕಲು ಅಷ್ಟು ಸಾಕು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ, ಇಪ್ಪತ್ತು ವರ್ಷಗಳ ಹಿಂದೆ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬ ತಂದ ಅಗ್ಗದ ಸಿ.ಡಿ.ಯಲ್ಲಿ ನೋಡಿದ್ದ ಒಂದು ಹಳೆಯ ಅಮೆರಿಕನ್ ಚಿತ್ರವನ್ನು ಮತ್ತೊಮ್ಮೆ ನೋಡಿ ಟಿಪ್ಪಣಿ ಮಾಡಿಕೊಳ್ಳೋಣವೆಂದು ಒಂದು ಮಧ್ಯಾಹ್ನ ಮನೆಯ ಟೆಲಿವಿಷನ್ನಿನ ಮುಂದೆ ಕುಳಿತೆ. ಚಿತ್ರದ ಹೆಸರು 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಸತ್ತೂ ಬದುಕಿರುವವರ ರಾತ್ರಿ ಎಂದು ಇದನ್ನು ಕನ್ನಡಿಸಬಹುದು.

ರಜಕ್ಕೆಂದು ಬಂದಿದ್ದ ನನ್ನ ಅಕ್ಕನ ಮಗಳು, ಒಂಬತ್ತು ವರ್ಷದವಳು, ಹುರಿಗಡಲೆಯ ಬಟ್ಟಲು ಹಿಡಿದುಕೊಂಡು ಬಂದು ನನ್ನ ಹಿಂದೆ ಚಾಪೆಯ ಮೇಲೆ ಕುಳಿತಳು. ಕುಳಿತದ್ದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಐವತ್ತು ವರ್ಷಕ್ಕೂ ಹಳೆಯ ಕಪ್ಪು ಬಿಳುಪಿನ ಚಿತ್ರ. ಈ ಕಾಲದ ಮಕ್ಕಳು ಮೊಬೈಲಿನಲ್ಲಿ ಏನೇನೋ ನೋಡುತ್ತವೆ. ಇದನ್ನು ಕಂಡು ನಗುತ್ತಾಳೆ, ಅಷ್ಟೆ, ಎಂದುಕೊಂಡು ಸುಮ್ಮನಾದೆ. ಒಂದೂವರೆ ಗಂಟೆಯ ಬಳಿಕ ತಿರುಗಿ ನೋಡಿದರೆ ಬಟ್ಟಲಿನ ಹುರಿಗಡಲೆ ಹಾಗೆಯೇ ಇತ್ತು. ಮಗು ಅಳುತ್ತಿರಲಿಲ್ಲ, ಕೂಗಲೂ ಇಲ್ಲ. ಗೋಡೆಗೆ ಬೆನ್ನೊತ್ತಿ ಕುಳಿತಿತ್ತು, ಅಷ್ಟೆ. ಆ ರಾತ್ರಿ ದೀಪ ಆರಿಸಗೊಡಲಿಲ್ಲ.

ಆಗ ನನಗೆ ನೆನಪಾದದ್ದು, ನಾನು ಉಪನ್ಯಾಸಕ್ಕೆಂದು ಹಿಂದಿನ ದಿನವೇ ಓದಿ ಗುರುತು ಹಾಕಿಟ್ಟಿದ್ದ ಒಂದು ಪತ್ರಿಕಾ ಬರಹ. ಚಿಕಾಗೋ ನಗರದ 'ಸನ್ ಟೈಮ್ಸ್' ಪತ್ರಿಕೆಯಲ್ಲಿ 1969ರ ಜನವರಿ ತಿಂಗಳಲ್ಲಿ ಅಚ್ಚಾದದ್ದು. ಬರೆದವನು ರೋಜರ್ ಈಬರ್ಟ್. ಮುಂದೆ ಅಮೆರಿಕದ ಅತ್ಯಂತ ಪ್ರಸಿದ್ಧ ಚಿತ್ರವಿಮರ್ಶಕನಾದ. ಆಗ ಅವನಿಗೆ ಇಪ್ಪತ್ತಾರು ವಯಸ್ಸು. ಆ ಬರಹ ಚಿತ್ರದ ವಿಮರ್ಶೆ ಎನ್ನುವುದಕ್ಕಿಂತ ಪ್ರೇಕ್ಷಕರ ವರ್ಣನೆ ಎನ್ನುವುದೇ ಸರಿ. ಮಧ್ಯಾಹ್ನದ ಆಟ. ಥಿಯೇಟರಿನ ತುಂಬ ಮಕ್ಕಳು. ಅಪ್ಪ ಅಮ್ಮಂದಿರು ಕಾರಿನಿಂದ ಇಳಿಸಿ, ಕೈಗೆ ಕಾಸು ಕೊಟ್ಟು, ತಮ್ಮ ಕೆಲಸಕ್ಕೆ ಹೋಗಿದ್ದರು. ದೆವ್ವದ ಚಿತ್ರವೆಂದರೆ ಆ ಮಕ್ಕಳಿಗೆ ಪರಿಚಯದ ಆಟ: ಕಿರಿಚುವುದು, ಪಕ್ಕದವನನ್ನು ಗಿಲ್ಲುವುದು, ಕೊನೆಗೆ ದೆವ್ವ ಸತ್ತಾಗ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು. ಮೊದಲರ್ಧ ಹಾಗೆಯೇ ನಡೆಯಿತು. ಅರ್ಧ ಕಳೆಯುತ್ತಲೂ ಗಲಾಟೆ ನಿಂತುಹೋಯಿತು. ಈಬರ್ಟನ ಎದುರುಸಾಲಿನ ಆಚೆ ಒಂಬತ್ತು ವರ್ಷವಿರಬಹುದಾದ ಒಬ್ಬ ಹುಡುಗಿ ಅಲುಗಾಡದೆ ಕುಳಿತು ಅಳುತ್ತಿದ್ದಳು.

ಓದಿ, ಗುರುತು ಹಾಕಿ, ಮಡಿಸಿ ಇಟ್ಟು, ಮರುದಿನ ಅದನ್ನೇ ನಮ್ಮ ಮನೆಯಲ್ಲಿ ಮಾಡಿದ ಪಂಡಿತ ನಾನು.

ಚಿತ್ರ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಉಕ್ಕಿನ ಊರು, ಸಿನೆಮಾದ ಊರಲ್ಲ. ಅಲ್ಲಿ ಜಾರ್ಜ್ ರೊಮೆರೊ ಎಂಬ ತರುಣ ಗೆಳೆಯರೊಡನೆ ಒಂದು ಪುಟ್ಟ ಕಂಪನಿ ಕಟ್ಟಿಕೊಂಡು ಜಾಹೀರಾತಿನ ಚಿತ್ರಗಳನ್ನು ತೆಗೆಯುತ್ತಿದ್ದ. ಮಕ್ಕಳ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೂ ಸಣ್ಣ ಸಣ್ಣ ತುಣುಕುಗಳನ್ನು ತೆಗೆದುಕೊಟ್ಟಿದ್ದ. ಮಕ್ಕಳಿಗಾಗಿ ಕೆಲಸಮಾಡಿದ ಕೈಯೇ ಮಕ್ಕಳನ್ನು ಅಳಿಸಿತೆಂಬುದನ್ನು ವಾಚಕರು ಗಮನಿಸಬಹುದು. ಜಾಹೀರಾತಿನ ಕೆಲಸ ಬೇಸರವಾಗಿ, ಒಂದು ದೊಡ್ಡ ಚಿತ್ರ ತೆಗೆಯಬೇಕೆಂಬ ಹುಚ್ಚು ಹಿಡಿಯಿತು. ಹತ್ತು ಜನ ಸೇರಿ ತಲೆಗೆ 600 ಡಾಲರು ಹಾಕಿದರು. ಆ ಹತ್ತು ಜನರ ಲೆಕ್ಕದಿಂದಲೇ ಸಂಸ್ಥೆಗೆ 'ಇಮೇಜ್ ಟೆನ್' ಎಂದು ಹೆಸರಿಟ್ಟರು. ಆಮೇಲೆ ಅವರಿವರಿಂದ ಕೂಡಿಸಿ ಒಟ್ಟು ಸುಮಾರು 1,14,000 ಡಾಲರಿನಲ್ಲಿ ಚಿತ್ರ ಮುಗಿಯಿತು. ಹಾಲಿವುಡ್ಡಿನ ಕಣ್ಣಿಗೆ ಅದು ಹಣವೇ ಅಲ್ಲ.

1967ರಲ್ಲಿ ಎವನ್ಸ್ ಸಿಟಿ ಎಂಬ ಹಳ್ಳಿಯಂಥ ಊರಿನ ಸುತ್ತಮುತ್ತ ಚಿತ್ರೀಕರಣ ನಡೆಯಿತು. ಕೆಡವುವುದಕ್ಕೆಂದು ಬಿಟ್ಟಿದ್ದ ಒಂದು ತೋಟದ ಮನೆ ಸಿಕ್ಕಿತು. ಕೆಡವುವ ಮನೆಯಾದುದರಿಂದ ಬಾಗಿಲಿಗೆ ಹಲಗೆ ಹೊಡೆದರೂ, ಕಿಟಕಿ ಒಡೆದರೂ ಕೇಳುವವರಿರಲಿಲ್ಲ. ಬಣ್ಣದ ಫಿಲ್ಮಿಗೆ ಹಣವಿಲ್ಲದೆ ಕಪ್ಪು ಬಿಳುಪಿನಲ್ಲಿ ತೆಗೆದರು. ಕಪ್ಪು ಬಿಳುಪಿನಲ್ಲಿ ಚಾಕೊಲೇಟಿನ ಪಾಕ ರಕ್ತದಂತೆ ಕಾಣುತ್ತದೆ, ಅದನ್ನೇ ಸುರಿದರು. ನಟರಲ್ಲೊಬ್ಬನಿಗೆ ಮಾಂಸದ ಅಂಗಡಿಗಳಿದ್ದವು. ಕರುಳು ಮೊದಲಾದವು ಅಲ್ಲಿಂದ ಧರ್ಮಕ್ಕೆ ಬಂದವು. ಬಂಡವಾಳ ಹಾಕಿದವರೇ ನಟರು, ಅವರೇ ಪ್ರಸಾಧನದವರು, ಅವರೇ ಧ್ವನಿಯವರು. ತಂದೆಯ ಪಾತ್ರ ವಹಿಸಿದ ಕಾರ್ಲ್ ಹಾರ್ಡ್‌ಮನ್ ತನ್ನ ಸ್ವಂತ ಮಗಳನ್ನೇ ಚಿತ್ರದ ಮಗಳನ್ನಾಗಿ ಮಾಡಿದ. ಪಿಟ್ಸ್‌ಬರ್ಗಿನ ಟೆಲಿವಿಷನ್ನಿನಲ್ಲಿ ವಾರವಾರವೂ ದೆವ್ವದ ಚಿತ್ರಗಳನ್ನು ಪರಿಚಯಿಸುತ್ತಿದ್ದ ಬಿಲ್ ಕಾರ್ಡಿಲ್ ಇಲ್ಲಿ ಸುದ್ದಿಗಾರನಾಗಿ ಬರುತ್ತಾನೆ. ಊರಿನ ಜನರೇ ಹೆಗಲಿಗೆ ಬಂದೂಕು ಹಾಕಿಕೊಂಡು ಬೇಟೆಗಾರರ ಗುಂಪಾದರು. ನಮ್ಮಲ್ಲಿ ಊರಹಬ್ಬಕ್ಕೆ ಊರವರೇ ಸೇರಿ ನಾಟಕವಾಡುವುದಿಲ್ಲವೆ, ಹೆಚ್ಚುಕಡಿಮೆ ಹಾಗೆ.

ಕತೆ ಎರಡು ಮಾತಿನದು. ತಂದೆಯ ಸಮಾಧಿಗೆ ಹೂ ಇಡಲು ಅಣ್ಣತಂಗಿಯರು ಸ್ಮಶಾನಕ್ಕೆ ಬರುತ್ತಾರೆ. ತತ್ತರಿಸುತ್ತ ಬಂದ ಒಬ್ಬಾತ ಅಣ್ಣನನ್ನು ಕೊಲ್ಲುತ್ತಾನೆ. ತಂಗಿ ಓಡಿ ಒಂದು ಒಂಟಿ ಮನೆ ಸೇರುತ್ತಾಳೆ. ಅಲ್ಲಿಗೆ ಬೆನ್ ಎಂಬ ಕರಿಯ ತರುಣ ಬರುತ್ತಾನೆ. ನೆಲಮಾಳಿಗೆಯಲ್ಲಿ ಅಡಗಿದ್ದ ಇನ್ನೂ ಕೆಲವರು ಸೇರುತ್ತಾರೆ. ಹೊರಗೆ, ಸತ್ತವರು ಎದ್ದು ಬದುಕಿದವರನ್ನು ತಿನ್ನಲು ಸುತ್ತುವರಿದಿದ್ದಾರೆ. ಒಳಗೆ, ಬದುಕಿದವರು ಮಾಳಿಗೆಯಲ್ಲಿರಬೇಕೆ ಮೇಲಿರಬೇಕೆ ಎಂದು ಜಗಳವಾಡುತ್ತಾರೆ. ಒಬ್ಬೊಬ್ಬರಾಗಿ ಎಲ್ಲರೂ ಸಾಯುತ್ತಾರೆ. ಕಚ್ಚಿಸಿಕೊಂಡು ಸತ್ತ ಪುಟ್ಟ ಮಗಳು ಎದ್ದು ತಂದೆಯನ್ನು ತಿನ್ನುತ್ತಾಳೆ, ಗಾರೆಯ ಕರಣೆಯಿಂದ ತಾಯಿಯನ್ನು ಕೊಲ್ಲುತ್ತಾಳೆ. ಬೆನ್ ಒಬ್ಬನೇ ಬೆಳಗಿನವರೆಗೆ ಉಳಿಯುತ್ತಾನೆ. ಬೆಳಿಗ್ಗೆ ರಕ್ಷಣೆಗೆ ಬಂದ ಷೆರೀಫನ ಗುಂಪು ಅವನನ್ನೂ ಹೆಣವೆಂದು ತಿಳಿದು ಹಣೆಗೆ ಗುಂಡಿಡುತ್ತದೆ. ಆಮೇಲೆ ಚಲನೆಯೇ ಇಲ್ಲದ ಚಿತ್ರಗಳು, ವೃತ್ತಪತ್ರಿಕೆಯ ಛಾಯಾಚಿತ್ರಗಳಂತೆ ಒರಟಾದವು: ಕೊಕ್ಕೆಗಳು, ಹೆಣ, ಸೌದೆಯ ರಾಶಿ. ಮುಗಿಯಿತು.

ಈ ಎದ್ದುಬಂದವರಿಗೆ ಇಂದು ಲೋಕವೆಲ್ಲ 'ಜಾಂಬಿ' ಎನ್ನುತ್ತದೆ; ಚಿತ್ರದಲ್ಲಿ ಆ ಮಾತು ಒಮ್ಮೆಯೂ ಬರುವುದಿಲ್ಲ. ಅಲ್ಲಿ ಅವರನ್ನು ಕರೆಯುವುದು 'ಘೂಲ್' ಎಂದು. ಹೆಣ ತಿನ್ನುವ ಪಿಶಾಚಕ್ಕೆ ಅರಬ್ಬಿಯಿಂದ ಬಂದ ಹೆಸರು. ನಮ್ಮ ಹಳಗನ್ನಡದ 'ಮರುಳ್' ಅದಕ್ಕೆ ತೀರ ದೂರದ ನಂಟನಲ್ಲ.

1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನ ಫುಲ್ಟನ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನವಾಯಿತು. ಅದೇ ವರ್ಷದ ನವೆಂಬರ್ 1ರಿಂದ ಅಮೆರಿಕದ ಚಿತ್ರೋದ್ಯಮ ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವರ್ಗೀಕರಿಸುವ ಹೊಸ ಪದ್ಧತಿಯನ್ನು ಜಾರಿಗೆ ತಂದಿತು. ಒಂದು ತಿಂಗಳ ಅಂತರ! ಚಿತ್ರ ಆ ಕಟ್ಟಳೆಗಿಂತ ಮೊದಲಿನದಾದ ಕಾರಣ ಮಕ್ಕಳನ್ನು ತಡೆಯಬೇಕಾದ ಕಡ್ಡಾಯ ಥಿಯೇಟರಿನವರಿಗೆ ಇರಲಿಲ್ಲ. ಚಿಕಾಗೋದಲ್ಲಾದರೆ ಪೊಲೀಸ್ ಇಲಾಖೆಯ ಸೆನ್ಸಾರ್ ಮಂಡಲಿಯೇ ಇತ್ತು. ಆ ಮಂಡಲಿ ಇದನ್ನು ಎಲ್ಲರೂ ನೋಡಬಹುದೆಂದು ಬಿಟ್ಟುಕೊಟ್ಟಿತು. ನಗ್ನತೆ ಇಲ್ಲವಲ್ಲ, ಹಾಗಾದರೆ ಮಕ್ಕಳಿಗೆ ಅಡ್ಡಿಯಿಲ್ಲ ಎಂಬುದು ಅವರ ತರ್ಕವಿರಬೇಕೆಂದು ಈಬರ್ಟ್ ಕುಟುಕಿದ. ಸೆನ್ಸಾರಿನವರ ಕತ್ತರಿ ಎಲ್ಲ ದೇಶಗಳಲ್ಲಿಯೂ ಒಂದೇ ಕಡೆ ಹರಿತವಾಗಿರುತ್ತದೆಯೆಂದು ಕಾಣುತ್ತದೆ.

ಈಬರ್ಟನ ಬರಹದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅವನ ಕೋಪದ ದಿಕ್ಕು. ಅವನು ಚಿತ್ರವನ್ನು ನಿಷೇಧಿಸಿರೆಂದು ಕೂಗಲಿಲ್ಲ. ನಿಷೇಧದಿಂದ ಇಂಥದಕ್ಕೆ ಪರಿಹಾರವಿಲ್ಲವೆಂದೇ ಹೇಳಿದ. ಆದರೆ ಆ ಮಕ್ಕಳಿಗೆ ಇದನ್ನು ನೋಡುವ ಹಕ್ಕಿದೆಯೆಂದು ವಾದಿಸಲು ತನಗೆ ನಾಚಿಕೆಯಾಗುತ್ತದೆಂದೂ ಹೇಳಿದ. ಚಿತ್ರ ತೆಗೆದವರ ಮೇಲೆ ಅವನಿಗೆ ಅಷ್ಟು ಸಿಟ್ಟಿಲ್ಲ. ಹೆಸರನ್ನು ಓದಿಯೂ ಮಕ್ಕಳನ್ನು ಇಳಿಸಿಹೋದ ದೊಡ್ಡವರ ಮೇಲೆ, ಹೊಸ ಕಟ್ಟಳೆ ಬಿಗಿಯಾಗುವ ಮೊದಲು ನಾಲ್ಕು ಕಾಸು ಮಾಡಿಕೊಳ್ಳೋಣವೆಂದ ಥಿಯೇಟರಿನವರ ಮೇಲೆ ಸಿಟ್ಟು. ಈ ಬರಹವನ್ನು 1969ರ ಜೂನ್ ತಿಂಗಳಲ್ಲಿ 'ರೀಡರ್ಸ್ ಡೈಜೆಸ್ಟ್' ಮತ್ತೆ ಅಚ್ಚುಮಾಡಿತು. ಅಮೆರಿಕದ ಮನೆಮನೆಯಲ್ಲಿ ಅದನ್ನು ಓದಿದರು. ಮಕ್ಕಳನ್ನು ಕಾಪಾಡಲು ಬರೆದ ಎಚ್ಚರಿಕೆಯೇ, ಅಂಥದೇನಿದೆ ನೋಡಿಬಿಡೋಣ ಎನ್ನುವ ದೊಡ್ಡ ಹುಡುಗರಿಗೆ ಜಾಹೀರಾತಾಗದೆ ಇದ್ದೀತೆ?

ಉಳಿದ ವಿಮರ್ಶಕರ ಮಾತು ಬೇರೆ. ಚಿತ್ರೋದ್ಯಮದ ಪತ್ರಿಕೆ 'ವೆರೈಟಿ' ಬೆಂಕಿಯಾಯಿತು. ತೆಗೆದವರು, ಹಂಚಿದವರು, ತೋರಿಸಿದವರು ಯಾರನ್ನೂ ಬಿಡಲಿಲ್ಲ. ಕೊನೆಗೆ ಇದನ್ನು ಸಂತೋಷದಿಂದ ನೋಡಲು ಹೋಗುವ ಜನರ ನೈತಿಕ ಆರೋಗ್ಯದ ಮೇಲೂ ಸಂಶಯಪಟ್ಟಿತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವಿನ್ಸೆಂಟ್ ಕ್ಯಾನ್‌ಬಿ ಅಷ್ಟು ಸಿಟ್ಟನ್ನೂ ಖರ್ಚುಮಾಡಲಿಲ್ಲ. ನಟನೆ ಬಾರದ ಕೆಲವರನ್ನು ನಟನೆ ಬಾರದ ಇನ್ನು ಕೆಲವರು ಮುತ್ತುತ್ತಾರೆ ಎಂಬ ಅರ್ಥದ ನಾಲ್ಕು ಮಾತಿನಲ್ಲಿ ಕೈತೊಳೆದುಕೊಂಡ. ಈಗ ನಕ್ಕು ಬಿಡುವುದು ಸುಲಭ. ಅಂದಿನ ದೃಷ್ಟಿಯಿಂದ ನೋಡಿದರೆ ಕ್ಯಾನ್‌ಬಿ ಹೇಳಿದ್ದು ಸುಳ್ಳೇನೂ ಅಲ್ಲ. ನಟನೆ ಹಲವು ಕಡೆ ಒಣಕಲು. ಸಂಗೀತ ಎರವಲು ತಂದದ್ದು. ಆದರೆ ಪರದೆಯನ್ನು ನೋಡಿದ ಕ್ಯಾನ್‌ಬಿಗೆ ಕಾಣದ್ದು, ಪರದೆಯ ಕಡೆಗಿಂತ ಪಕ್ಕದ ಸಾಲಿನ ಕಡೆಗೆ ಹೆಚ್ಚು ನೋಡಿದ ಈಬರ್ಟನಿಗೆ ಕಂಡಿತು. ವಿಮರ್ಶಕರಾದವರು ಸಭೆಯ ಕಡೆಗೂ ಒಮ್ಮೆ ಕತ್ತು ತಿರುಗಿಸಬೇಕೆಂದು ನನಗೆ ಅನ್ನಿಸಿದ್ದು ಇದರಿಂದ.

ಆ ಮಕ್ಕಳು ಅತ್ತದ್ದೇಕೆ? ಹೆಣಗಳನ್ನು ಕಂಡು ಎಂದರೆ ಉತ್ತರ ಪೂರ್ತಿಯಾಗುವುದಿಲ್ಲ. ಹೆಣ, ಅಸ್ಥಿಪಂಜರ, ರಕ್ತಪಿಪಾಸು ಡ್ರಾಕುಲಾ ಇವೆಲ್ಲವನ್ನೂ ಅವರು ಪ್ರತಿ ಶನಿವಾರ ನೋಡುತ್ತಿದ್ದವರೇ.

ಇಲ್ಲಿ ನಾನು ನನ್ನ ಪಾಠದ ಕೊಠಡಿಗೆ ಒಮ್ಮೆ ಹೋಗಿಬರಬೇಕು, ವಾಚಕರು ಮನ್ನಿಸಬೇಕು. ಭರತಮುನಿ ಭಯವನ್ನು ಭಯಾನಕಕ್ಕೆ, ಜುಗುಪ್ಸೆಯನ್ನು ಬೀಭತ್ಸಕ್ಕೆ ಸ್ಥಾಯಿಭಾವವೆಂದು ಹೇಳಿದ. ಹೆದರಿಕೆ ಹೇಗೆ ರಸವಾಗುತ್ತದೆ, ಹೆದರಿದವನಿಗೆ ಆನಂದವೆಲ್ಲಿಯದು ಎಂಬ ಪ್ರಶ್ನೆಯನ್ನು ಎತ್ತಿಕೊಂಡವನು ಅಭಿನವಗುಪ್ತ. ಅವನು ತೆಗೆದುಕೊಂಡ ಉದಾಹರಣೆ ಕಾಳಿದಾಸನ ಶಾಕುಂತಲದ ಆರಂಭದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಕತ್ತು ತಿರುಗಿಸುತ್ತ ಓಡುವ ಜಿಂಕೆ. ಆ ಭಯ ನನ್ನದಲ್ಲ. ಶತ್ರುವಿನದಲ್ಲ, ಮಿತ್ರನದೂ ಅಲ್ಲ. ಇಂಥ ಕಾಲ, ಇಂಥ ದೇಶ ಎಂಬ ಕಟ್ಟೂ ಅದಕ್ಕಿಲ್ಲ. ಯಾರಿಗೂ ಸೇರದ ಭಯವಾದುದರಿಂದಲೇ ಸಹೃದಯ ಅದನ್ನು ಸವಿಯಬಲ್ಲ. ಸಾಧಾರಣೀಕರಣವೆಂದು ನಾವು ಪರೀಕ್ಷೆಗೆ ಬರೆಯಿಸುವುದು ಇದನ್ನೇ. ಈ ಕಟ್ಟು ಕಳಚದೆ, 'ಇದು ನನಗೇ ಆಗುತ್ತಿದೆ' ಎಂದು ನೋಡುವವನಿಗೆ ಅನ್ನಿಸಿತೋ, ಅಲ್ಲಿ ರಸವಿಘ್ನ. ಉಳಿಯುವುದು ಬರಿಯ ಹೆದರಿಕೆ.

ಶನಿವಾರದ ದೆವ್ವದ ಚಿತ್ರಗಳು ಈ ಕೆಲಸವನ್ನು ಅಗ್ಗದ ರೀತಿಯಲ್ಲಿ ಮಾಡಿಕೊಡುತ್ತಿದ್ದವು. ದೂರದ ಕೋಟೆ, ಹಳೆಯ ಕಾಲ, ವಿಚಿತ್ರ ಉಡುಪು. ಇವು ಮಗುವಿಗೂ ದೆವ್ವಕ್ಕೂ ನಡುವೆ ಹಾಕಿದ ಬೇಲಿ. ರೊಮೆರೊ ಆ ಬೇಲಿಯನ್ನು ಕಿತ್ತುಹಾಕಿದ. ಮನೆ ನೆರೆಯವರ ಮನೆಯಂತಿದೆ. ಸತ್ತವರು ನಿಲುವಂಗಿ, ಷರಟು, ಪೈಜಾಮ ತೊಟ್ಟ ಊರಿನವರು. ಟೆಲಿವಿಷನ್ನಿನಲ್ಲಿ ಸುದ್ದಿಗಾರ ರಾತ್ರಿಯ ಸುದ್ದಿಯನ್ನು ಓದುವಂತೆಯೇ ಇದನ್ನೂ ಓದುತ್ತಾನೆ. ವಿಯೆಟ್ನಾಮಿನ ಯುದ್ಧ ಊಟದ ಹೊತ್ತಿಗೆ ಮನೆಯೊಳಗೆ ಬರುತ್ತಿದ್ದ ಕಾಲ ಅದು. ಇನ್ನೊಂದು ಮಾತು: ಕಾಪಾಡಬೇಕಾದ ತಂದೆ ಹೇಡಿ, ತಾಯಿ ಮಗಳ ಕೈಯಿಂದಲೇ ಸಾಯುತ್ತಾಳೆ. ಅಪ್ಪ ಅಮ್ಮ ಬಿಟ್ಟುಹೋದ ಕೊಠಡಿಯಲ್ಲಿ ಕುಳಿತ ಮಕ್ಕಳು ಇದನ್ನು ನೋಡುತ್ತಿದ್ದರು.

ಧನಂಜಯನ ದಶರೂಪಕದಲ್ಲಿ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದವುಗಳ ಪಟ್ಟಿಯೊಂದಿದೆ. ಅದರಲ್ಲಿ ವಧೆಯೂ ಇದೆ, ಭೋಜನವೂ ಇದೆ. ಕೊಲೆ ಸರಿ, ಪಾಪ ಊಟ ಏನು ಮಾಡಿತು ಎಂದು ಹುಡುಗರು ಪ್ರತಿ ವರ್ಷವೂ ನಗುತ್ತಾರೆ. ಎರಡನ್ನೂ ಒಂದೇ ದೃಶ್ಯದಲ್ಲಿ ಕೂಡಿಸಿದರೆ ಏನಾಗುತ್ತದೆಂಬುದನ್ನು ಪಿಟ್ಸ್‌ಬರ್ಗಿನವರು ತೋರಿಸಿಕೊಟ್ಟರು.

ಹಾಗೆಂದು ನಮ್ಮ ಕವಿಗಳೇನೂ ಮೂಗು ಮುಚ್ಚಿಕೊಂಡವರಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ಎಡೆ ಹುಡುಕುತ್ತ ನಡೆಯುತ್ತಾನೆ. ಸುತ್ತ ಮರುಳುಗಳ ಹಬ್ಬ. ಜನ್ನನ ಯಶೋಧರ ಚರಿತೆಯ ಚಂಡಮಾರಿಯ ಗುಡಿಯೂ ಮೆಲ್ಲಗಿನ ಚಿತ್ರವಲ್ಲ. ಇವನ್ನು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಒಬ್ಬ ವಿದ್ಯಾರ್ಥಿಯೂ ರಾತ್ರಿ ದೀಪ ಹಚ್ಚಿಕೊಂಡು ಮಲಗಿದ ವರದಿಯಿಲ್ಲ. ಅರ್ಥವಾಗದ ಹಳಗನ್ನಡದ ಬೇಲಿಯೂ ಒಂದು ಕಾರಣವಿರಬಹುದು. ಆದರೆ ಅಲ್ಲಿ ದುರ್ಯೋಧನ ಎಡವುವುದು ದ್ರೋಣನ, ದುಶ್ಶಾಸನನ, ಕರ್ಣನ ದೇಹಗಳನ್ನು. ಒಂದೊಂದು ಹೆಣಕ್ಕೂ ಹೆಸರಿದೆ, ಅಳುವವನಿದ್ದಾನೆ. ಬೀಭತ್ಸ ಕರುಣಕ್ಕೆ ದಾರಿ ಬಿಡುತ್ತದೆ. ಈ ಚಿತ್ರದಲ್ಲಿ ಅಳುವುದಕ್ಕೂ ಯಾರೂ ಉಳಿಯುವುದಿಲ್ಲ. ಅಳುವ ಕೆಲಸ ಮ್ಯಾಟಿನಿಯ ಮಕ್ಕಳ ಪಾಲಿಗೆ ಬಂತು.

ಬೆನ್ನನ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕರಿಯ ಎಂದೆನಲ್ಲ. ಚಿತ್ರಕತೆಯಲ್ಲಿ ಆ ಪಾತ್ರಕ್ಕೆ ಮೈಬಣ್ಣ ಹೇಳಿರಲಿಲ್ಲ. ಬಂದವರಲ್ಲಿ ಅವನೇ ಚೆನ್ನಾಗಿ ನಟಿಸಿದ, ತೆಗೆದುಕೊಂಡೆವು, ಅಷ್ಟೆ ಎಂದು ರೊಮೆರೊ ಕೊನೆಯವರೆಗೂ ಹೇಳುತ್ತಿದ್ದ. ಪಾತ್ರವನ್ನು ಮೊದಲು ಒರಟು ಲಾರಿ ಚಾಲಕನಂತೆ ಬರೆದಿದ್ದರು. ಓದಿದವನಾದ ಜೋನ್ಸ್ ಆ ಮಾತುಗಳನ್ನು ತನ್ನ ನಾಲಗೆಗೆ ತಕ್ಕಂತೆ ತಿದ್ದಿಕೊಂಡ. ಇಡೀ ಚಿತ್ರದಲ್ಲಿ ಅವನ ಬಣ್ಣದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಮೌನವಾಗಿದ್ದವರು ಚಿತ್ರದವರು, ಪ್ರೇಕ್ಷಕರು ಮೌನವಾಗಿರುವ ಸ್ಥಿತಿಯಲ್ಲಿರಲಿಲ್ಲ. ಚಿತ್ರದ ಮೊದಲ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ಹಂಚಿಕೆದಾರರನ್ನು ಹುಡುಕಲು ನ್ಯೂಯಾರ್ಕಿಗೆ ಹೋಗುತ್ತಿದ್ದ ರಾತ್ರಿ ರೇಡಿಯೋದಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆಯ ಸುದ್ದಿ ಬಂತೆಂದು ರೊಮೆರೊ ಹಲವು ಸಲ ನೆನೆಸಿಕೊಂಡಿದ್ದಾನೆ. ಅದು 1968ರ ಏಪ್ರಿಲ್ 4. ಆರು ತಿಂಗಳ ಬಳಿಕ, ಬಂದೂಕು ಹಿಡಿದ ಬಿಳಿಯರ ಗುಂಪೊಂದು ಇರುಳೆಲ್ಲ ಹೋರಾಡಿ ಉಳಿದ ಕರಿಯನನ್ನು ಕೊಂದು ಸೌದೆಗೆ ಹಾಕುವುದನ್ನು ಥಿಯೇಟರಿನಲ್ಲಿ ನೋಡಿದವರಿಗೆ, ಅದು ಮರುಳುಗಳ ಕತೆಯಾಗಿ ಮಾತ್ರ ಕಂಡಿತೆಂದರೆ ನಂಬುವುದು ಕಷ್ಟ. ಕೊನೆಯ ಆ ಒರಟು ಛಾಯಾಚಿತ್ರಗಳು ಅಮೆರಿಕದ ದಕ್ಷಿಣದಲ್ಲಿ ಕರಿಯರನ್ನು ಮರಕ್ಕೆ ನೇತುಹಾಕಿ ಜನ ತೆಗೆಸಿಕೊಳ್ಳುತ್ತಿದ್ದ ಛಾಯಾಚಿತ್ರಗಳನ್ನು ನೆನಪಿಸುತ್ತವೆ.

ಸುಖಾಂತ ಮಾಡಿರೆಂದು ಹಂಚಿಕೆಯ ಕಂಪನಿಯೊಂದು ಕೇಳಿತ್ತು. ಇವರು ಒಪ್ಪಲಿಲ್ಲ. ಬೆನ್ ಉಳಿಯಬಾರದೆಂದು ಜೋನ್ಸನೂ ಹಟಹಿಡಿದಿದ್ದ: ನಡೆದುದೆಲ್ಲ ನಡೆದ ಮೇಲೆ ಸುಳ್ಳು ಸುಖಾಂತದಲ್ಲಿ ಬದುಕುಳಿಯುವುದಕ್ಕಿಂತ ತಾನು ಸಾಯುವುದನ್ನೇ ತನ್ನ ಜನ ಒಪ್ಪುತ್ತಾರೆಂಬುದು ಅವನ ಮಾತು. ಚಿತ್ರೀಕರಣದ ಕಾಲದಲ್ಲಿ ಒಂದು ರಾತ್ರಿ ಅವನು ಕಾರಿನಲ್ಲಿ ಹಿಂದಿರುಗುತ್ತಿದ್ದಾಗ ಕೆಲವು ಹುಡುಗರು ಕಬ್ಬಿಣದ ಸಲಾಕೆ ತೋರಿಸುತ್ತ ಬೆನ್ನಟ್ಟಿದರಂತೆ. ಅಂಥದೇ ಸಲಾಕೆ ಹಿಡಿದು ಚಿತ್ರದಲ್ಲಿ ಮರುಳುಗಳನ್ನು ಹೊಡೆಯುತ್ತಿದ್ದವನು ಅವನು. ಹೊರಗಿನದೇ ಹೆಚ್ಚು ಭಯಾನಕವಾಗಿತ್ತೆಂದು ಅವನು ಮುಂದೆ ಹೇಳಿಕೊಂಡ. ಅಭಿನವಗುಪ್ತನ ಜಿಂಕೆಗೆ ಇಲ್ಲದ ದೇಶಕಾಲಗಳು ಈ ಮನುಷ್ಯನಿಗೆ ಇದ್ದವು.

ಇನ್ನು ಚಿತ್ರ ಮುಂದೆ ಪಡೆದ ಪದವಿಯ ವಿಚಾರ. ಅದನ್ನು ಬೇಗ ಹೇಳಿ ಮುಗಿಸಬಹುದು. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಇದನ್ನು ಕರೆದು ತೋರಿಸಿತು. 1971ರಿಂದ ಗ್ರೀನಿಚ್ ವಿಲೇಜಿನ ವೇವರ್ಲಿ ಥಿಯೇಟರಿನಲ್ಲಿ ಮಧ್ಯರಾತ್ರಿಯ ಆಟಗಳು ನಡೆದವು. ಮಧ್ಯಾಹ್ನ ಮಕ್ಕಳನ್ನು ಅಳಿಸಿದ್ದು ಮಧ್ಯರಾತ್ರಿ ಕಾಲೇಜು ಹುಡುಗರಿಗೆ ವ್ರತವಾಯಿತು. 1999ರಲ್ಲಿ ಅಮೆರಿಕದ ಸರ್ಕಾರ ಕಾಪಾಡಿಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿತು. ಚಿತ್ರ ಗಳಿಸಿದ ಹಣ, ಹಾಕಿದ ಹಣದ ಎಷ್ಟೋ ಪಾಲು ಹೆಚ್ಚು. ತೆಗೆದವರಿಗೆ ಸೇರಬೇಕಾದಷ್ಟು ಸೇರಲಿಲ್ಲ, ಅದೂ ಒಂದು ಕತೆ. ಮೊದಲು ಚಿತ್ರಕ್ಕೆ 'ನೈಟ್ ಆಫ್ ದಿ ಫ್ಲೆಷ್ ಈಟರ್ಸ್' ಎಂಬ ಹೆಸರಿತ್ತು. ಅದನ್ನು ಹೋಲುವ ಹೆಸರಿನ ಬೇರೆ ಚಿತ್ರವಿದ್ದುದರಿಂದ ಹಂಚಿಕೆದಾರರು ಹೆಸರಿನ ಫಲಕವನ್ನು ಬದಲಾಯಿಸಿದರು. ಹಕ್ಕು ಕಾದಿರಿಸಿದೆ ಎಂಬ ಒಕ್ಕಣೆ ಹಳೆಯ ಫಲಕದಲ್ಲಿತ್ತು. ಹೊಸದರಲ್ಲಿ ಸೇರಿಸಲು ಮರೆತರು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಒಕ್ಕಣೆಯಿಲ್ಲದೆ ಪ್ರಕಟವಾದದ್ದು ಸಾರ್ವಜನಿಕರ ಸ್ವತ್ತು. ಯಾರು ಬೇಕಾದರೂ ಪ್ರತಿ ತೆಗೆಯಬಹುದು, ತೋರಿಸಬಹುದು, ಮಾರಬಹುದು. ಒಂದು ಸಾಲಿನ ಮರೆವಿನಿಂದ ಮಾಡಿದವರು ಕಳೆದುಕೊಂಡರು, ಲೋಕ ಪಡೆಯಿತು. ನಮ್ಮ ಹಾಸ್ಟೆಲಿನ ಕೊಠಡಿಗೆ ಅದು ಪುಡಿಗಾಸಿನ ಸಿ.ಡಿ.ಯಾಗಿ ಬಂದದ್ದಕ್ಕೂ, ಇಂದು ನನ್ನ ಟೆಲಿವಿಷನ್ನಿನಲ್ಲಿ ಬಿಟ್ಟಿಯಾಗಿ ಸಿಕ್ಕಿದ್ದಕ್ಕೂ ಆ ಮರೆವೇ ಕಾರಣವಿರಬೇಕು. ಬಾಗಿಲಿಗೆ ಟಿಕೇಟಿನವನಾದರೂ ಇದ್ದಿದ್ದರೆ ಮಗುವನ್ನು ಕಂಡು ಒಂದು ಮಾತು ಕೇಳುತ್ತಿದ್ದನೋ ಏನೋ. ಬಾಗಿಲಲ್ಲಿದ್ದವನು ನಾನೇ.

ಮರುದಿನ ಅಕ್ಕನಿಗೆ ಫೋನು ಮಾಡಿ ನಡೆದುದನ್ನು ಹೇಳಿದೆ. "ನೀನು ಮೇಷ್ಟರು ಬೇರೆ" ಎಂದಳು. ಅದಕ್ಕಿಂತ ಹೆಚ್ಚಿಗೆ ಅವಳೇನೂ ಹೇಳಲಿಲ್ಲ.

ಮಗುವಿಗೆ ಸಮಾಧಾನ ಹೇಳುವ ಕೆಲಸ ನನ್ನ ಮೇಲೆಯೇ ಬಿತ್ತು. ರಸವಿಘ್ನವನ್ನು ಒಂಬತ್ತು ವರ್ಷದವಳಿಗೆ ವಿವರಿಸುವಂತಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಕೂಡಿಸಿಕೊಂಡು, ಇಷ್ಟು ಹೊತ್ತು ವಾಚಕರಿಗೆ ಹೇಳಿದ ಕತೆಯನ್ನೇ ಅವಳಿಗೂ ಹೇಳಿದೆ. ಅದು ರಕ್ತವಲ್ಲ, ಚಾಕೊಲೇಟಿನ ಪಾಕ ಎಂದೆ. ಆ ಹುಡುಗಿಯನ್ನು ಕರೆತಂದವನು ಅವಳ ನಿಜವಾದ ಅಪ್ಪನೇ, ಪಕ್ಕದಲ್ಲೇ ಇದ್ದ ಎಂದೆ. ಎದ್ದುಬಂದ ಹೆಣಗಳೆಲ್ಲ ಊರಿನವರು, ಕೆಲಸ ಮುಗಿದಮೇಲೆ ಮುಖ ತೊಳೆದುಕೊಂಡು ಮನೆಗೆ ಹೋದರು ಎಂದೆ. ಒಂದೊಂದಕ್ಕೂ ಅವಳ ಮುಖ ತುಸು ತುಸುವೇ ಸಡಿಲವಾಯಿತು. ಪಾಕ ನೆಕ್ಕಿದರೆ ಬೈಯುತ್ತಿದ್ದರೆ ಎಂದು ಕೇಳುವವರೆಗೂ ಬಂತು. ಆಮೇಲೆ ಸುಮ್ಮನಾದಳು. ಅವಳನ್ನು ಇಡೀ ರಾತ್ರಿ ಕಾಡಿದ್ದು ಹೆಣಗಳಲ್ಲವೆಂದು ನನಗೆ ಆಗ ತಿಳಿಯಿತು.

"ಮಾಮ, ಅವರು ಒಂದು ಸಲ ಕೂಗಿ ಕೇಳಬಹುದಿತ್ತಲ್ಲ, ನೀನು ಯಾರು ಅಂತ?"

"ಕೇಳಬಹುದಿತ್ತು."

"ಯಾಕೆ ಕೇಳಲಿಲ್ಲ?"

ಇದಕ್ಕೆ ನನ್ನಲ್ಲಿ ಪಾಕದಂಥ ಉತ್ತರವಿರಲಿಲ್ಲ. ಆ ದೇಶದಲ್ಲಿ ಕೆಲವರನ್ನು ಕೇಳದೆಯೇ ಸುಡುತ್ತಿದ್ದ ಕಾಲವೊಂದಿತ್ತು ಎಂದಷ್ಟೆ ಹೇಳಿದೆ. ಅವಳು ಕಲ್ಲಿನ ಮೇಲಿನ ಇರುವೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತಿದ್ದು, "ಅವನೂ ಆಮೇಲೆ ಎದ್ದುಬಂದನೆ?" ಎಂದಳು.

"ಎದ್ದುಬಂದ," ಎಂದೆ. "ನ್ಯೂಯಾರ್ಕಿಗೆ ಹೋದ. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಹುಡುಗರ ಕೈಯಲ್ಲಿ ನಾಟಕ ಮಾಡಿಸುತ್ತಿದ್ದ."

"ನಿನ್ನ ಹಾಗೆ ಮೇಷ್ಟರೆ?"

ಹೌದೆಂದೆ. ಅಂದು ರಾತ್ರಿ ದೀಪ ಆರಿಸಬಹುದೆ ಎಂದು ಕೇಳಿದ್ದಕ್ಕೆ, ಕೊಠಡಿಯದು ಆರಿಸು, ಪಡಸಾಲೆಯದು ಇರಲಿ ಎಂದಳು.